ಹಲಸಂಗಿಯ ಗೆಳೆಯರು

ಕನ್ನಡದಲ್ಲಿ ಗೆಳೆಯರ ಕೂಟವೆಂದರೆ ಮೊದಲು ನೆನಪಾಗುವುದು 1922ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು. ಅದರ ಬಗ್ಗೆ ಸಾಕಷ್ಟು ಬರೆದಾಗಿದೆ. ಈ ಸಲ ನಾವು ಹೇಳಬೇಕೆಂದಿರುವುದು ವಿಜಯಪುರ ಜಿಲ್ಲೆಯ ಹಲಸಂಗಿಯ ಮಾತು.

ಕಾಲೇಜು, ಅಚ್ಚುಕೂಟಗಳಿಂದ ದೂರವಿದ್ದ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಒಟ್ಟಿಗೆ ಕೂತರು. ಜಾತಿ, ಧರ್ಮ ಅಡ್ಡ ಬರಲಿಲ್ಲ. ಓದಿದರು, ಅರವಿಂದರ ವಿಚಾರಗಳಲ್ಲಿ ಮುಳುಗಿದರು. ಅಷ್ಟಕ್ಕೇ ನಿಂತಿದ್ದರೆ ಅದು ನಾಲ್ಕು ಜನರ ಸುಖವಾಗಿ ಉಳಿಯುತ್ತಿತ್ತು. ಆದರೆ ಅವರ ಕಿವಿ ಬೀಸುಕಲ್ಲಿನ ಕಡೆಗಿತ್ತು. ನಸುಕಿನಲ್ಲೆದ್ದು ಜೋಳ ಬೀಸುವ ಹೆಣ್ಣುಮಕ್ಕಳು, ಗೂಟ ಹಿಡಿದ ಕೈ ಸುತ್ತುವ ಲಯಕ್ಕೇ ತ್ರಿಪದಿ ಹಾಡುತ್ತಿದ್ದರು: ತವರಿನ ಹಂಬಲ, ಅಣ್ಣನ ದಾರಿ ಕಾಯುವುದು, ತೊಟ್ಟಿಲ ಕೂಸು, ಅತ್ತೆಮನೆಯ ಸಂಕಟ. ದಿನಾ ಕಿವಿಗೆ ಬೀಳುವ ಹಾಡನ್ನು ಸಾಹಿತ್ಯವೆಂದು ಬಗೆದವರು ಆಗ ಕಡಿಮೆ. ಗೆಳೆಯರು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಆಮೇಲೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಬಂದವು. ಕನ್ನಡ ಜಾನಪದದ ಅಧ್ಯಯನ ಇಂದಿಗೂ ಈ ಪುಸ್ತಕಗಳನ್ನು ಬಿಟ್ಟು ಮಾತಾಡಲಾರದು.

ಒಬ್ಬರಿಂದ ಇದು ಆಗುವ ಕೆಲಸವಾಗಿರಲಿಲ್ಲ. ಹೊರಗಿನಿಂದ ಬಂದ ಪಂಡಿತರಿಂದಲೂ ಆಗುತ್ತಿರಲಿಲ್ಲ. ಸಂಕಟದ ಹಾಡನ್ನು ಅಪರಿಚಿತರ ಮುಂದೆ ಯಾರು ತಾನೇ ಹಾಡುತ್ತಾರೆ? ನಮ್ಮೂರ ಹುಡುಗರು ಎಂಬ ಸಲಿಗೆಯೇ ಆ ತಾಯಂದಿರ ಬಾಯಿ ಬಿಡಿಸಿರಬೇಕು. ಆಪ್ತ ಗುಂಪಿನ ದೊಡ್ಡ ಬಲವಿದು: ಒಳಗಿನ ನಂಬಿಕೆ ಊರಿನ ನಂಬಿಕೆಯಾಗಿ ಹರಡುವುದು.

ಕೇಡೂ ಇದೆ. ಒಳಗಿನವರ ಪುಸ್ತಕಕ್ಕೆ ಒಳಗಿನವರದೇ ಮುನ್ನುಡಿ, ವಿಮರ್ಶೆ, ಸನ್ಮಾನ. ಹೊಸಬ ಬಂದರೆ ಕೂರಲು ಜಾಗವಿಲ್ಲ. ಇಂಥ ಬಳಗಗಳು ಇಂದು ನಮ್ಮ ನಡುವೆ ಹೆಚ್ಚುತ್ತಿರುವುದು ನೋವಿನ ಸಂಗತಿ. ಮೆಚ್ಚುಗೆ ಹಂಚಿಕೊಳ್ಳಲಷ್ಟೇ ಸೇರುವ ಬಳಗದಿಂದ ಸಮಾಜಕ್ಕೆ ಏನೂ ದಕ್ಕದು. ಹಲಸಂಗಿಯಲ್ಲೂ ಹಾಡಿದವರು ಕೂಟದ ಹೊರಗೇ ಇದ್ದರು. ಬಹುತೇಕರ ಹೆಸರು ಇಂದು ನಮಗೆ ಗೊತ್ತಿಲ್ಲ.

ನಿಮ್ಮೂರಿನಲ್ಲಿ ಓದುವ, ಹಾಡುವ, ನಾಟಕ ಕಲಿಯುವ ಸಣ್ಣ ಗುಂಪೊಂದಿದ್ದರೆ ದಯವಿಟ್ಟು ಅದರ ಕೆಲಸದ ಬಗ್ಗೆ ನಮಗೆ ಬರೆಯಿರಿ. ಹಾಡು ಬರೆದುಕೊಂಡಿದ್ದರೆ ಕಳಿಸಿ, ಹಾಡಿದ ತಾಯಿ ಒಪ್ಪಿದರೆ ಅವರ ಹೆಸರನ್ನೂ ಸೇರಿಸಿ. ಆ ಹೆಸರನ್ನು ನಾವು ಹಾಡಿನ ಮೇಲೆಯೇ ಅಚ್ಚು ಹಾಕುತ್ತೇವೆ.