ಹಣದ ಹಾದಿಗೆ ಕಾವಲು

ಅಶ್ಲೀಲ ಚಿತ್ರಗಳ ವ್ಯಾಪಾರದ ವಿಷಯವನ್ನು ಸಭ್ಯರ ಮುಂದೆ ಎತ್ತುವುದೇ ತಕ್ಕದ್ದಲ್ಲವೆಂದು ಭಾವಿಸುವವರು ನಮ್ಮಲ್ಲಿ ಅನೇಕರಿರುವರು. ಅವರ ಸಂಕೋಚವನ್ನು ನಾವು ಅರಿಯದವರಲ್ಲ. ಆದರೆ ಆ ವ್ಯಾಪಾರವು ಬೆಳೆದಿರುವುದು ಈ ಸಂಕೋಚದ ಮರೆಯಲ್ಲಿಯೇ. ತಮ್ಮ ಒಪ್ಪಿಗೆಯಿಲ್ಲದೆ ಚಿತ್ರಕ್ಕೆ ಸಿಕ್ಕಿಬಿದ್ದ ಹೆಂಗಸರೂ ಮಕ್ಕಳೂ ಅದರಿಂದ ಎಲ್ಲರಿಗಿಂತ ಹೆಚ್ಚಾಗಿ ನೊಂದಿರುವಾಗ ಸುಮ್ಮನಿರುವುದು ಸಭ್ಯತೆಯೆನಿಸದು. ನೀತಿಯ ಉಪದೇಶವನ್ನು ಬಲ್ಲವರಿಗೆ ಬಿಟ್ಟು, ಇಂದು ನಾವು ಲೆಕ್ಕದ ಮಾತನ್ನು ಆಡಬಯಸುತ್ತೇವೆ. ಈ ವ್ಯಾಪಾರದ ಹಣವು ಯಾವ ಹಾದಿಯಲ್ಲಿ ಹರಿಯುತ್ತದೆ? ಆ ಹಾದಿಯ ಬಾಗಿಲಲ್ಲಿ ಕಾವಲು ಯಾರದು?

ಈ ಪ್ರಶ್ನೆಯು ಲೋಕದ ಗಮನಕ್ಕೆ ಬಂದದ್ದು 2020ರ ಡಿಸೆಂಬರಿನಲ್ಲಿ. ಪೋರ್ನ್‌ಹಬ್ ಎಂಬ ವೆಬ್‌ಸೈಟಿನಲ್ಲಿ ಬಾಲಕಿಯರ ಮೇಲಿನ ಅತ್ಯಾಚಾರದ ಚಿತ್ರಗಳೂ ಇರುವುವೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಬರೆದ ಕೆಲವೇ ದಿನಗಳಲ್ಲಿ, ವೀಸಾ ಮತ್ತು ಮಾಸ್ಟರ್‌ಕಾರ್ಡ್ ಕಂಪನಿಗಳು ಆ ವೆಬ್‌ಸೈಟಿಗೆ ಹಣ ಸಲ್ಲಿಸುವ ಮಾರ್ಗವನ್ನು ನಿಲ್ಲಿಸಿದವು. ಎಷ್ಟೋ ವರ್ಷಗಳಿಂದ ನೊಂದವರ ಮೊರೆಗೆ ಕಿವಿಗೊಡದಿದ್ದ ಆ ಸಂಸ್ಥೆಯು, ಗುರುತು ಖಚಿತವಾಗದವರು ಏರಿಸಿದ್ದ ಲಕ್ಷಾಂತರ ಚಿತ್ರಗಳನ್ನು ಅದೇ ವಾರದೊಳಗೆ ಕಿತ್ತುಹಾಕಿತು. ನ್ಯಾಯಾಲಯಗಳಿಂದಲೂ ಶಾಸನಸಭೆಗಳಿಂದಲೂ ಆಗದಿದ್ದ ಕೆಲಸವು ಹಣದ ಕೊಳವೆಯನ್ನು ಮುಚ್ಚಿದೊಡನೆ ಆಯಿತು.

ಅನಂತರ ಮಾಸ್ಟರ್‌ಕಾರ್ಡ್ ಕಂಪನಿಯು 2021ರ ಅಕ್ಟೋಬರ್ 15ರಿಂದ ಒಂದು ನಿಯಮಾವಳಿಯನ್ನು ಜಾರಿಗೆ ತಂದಿತು. ಚಿತ್ರದಲ್ಲಿ ಕಾಣುವ ಪ್ರತಿಯೊಬ್ಬರ ವಯಸ್ಸು ಮತ್ತು ಗುರುತಿಗೆ ದಾಖಲೆಯಿರಬೇಕು, ಅವರ ಒಪ್ಪಿಗೆಯಿರಬೇಕು, ಪ್ರಕಟಣೆಗೆ ಮುಂಚೆ ಪರೀಕ್ಷೆ ನಡೆಯಬೇಕು, ದೂರು ಬಂದರೆ ಏಳು ಕೆಲಸದ ದಿನಗಳೊಳಗೆ ಇತ್ಯರ್ಥವಾಗಬೇಕು, ಇವೆಲ್ಲಕ್ಕೂ ಆ ವರ್ತಕನ ಬ್ಯಾಂಕು ಹೊಣೆಯಾಗಬೇಕು. ನಿಯಮಗಳು ಒಳ್ಳೆಯವೆಂಬುದನ್ನು ಒಪ್ಪತಕ್ಕದ್ದೇ. ಆದರೆ ಅವುಗಳನ್ನು ಮಾಡಿದವರು ಯಾರು? ಯಾವ ಪ್ರಜೆಯೂ ಚುನಾಯಿಸದ, ತಮ್ಮ ಲಾಭನಷ್ಟವನ್ನೇ ಮೊದಲು ನೋಡುವ ವರ್ತಕ ಕಂಪನಿಯವರು. 2021ರ ಆಗಸ್ಟಿನಲ್ಲಿ ಓನ್ಲಿಫ್ಯಾನ್ಸ್ ಎಂಬ ಸಂಸ್ಥೆಯು ಬ್ಯಾಂಕುಗಳ ಒತ್ತಾಯವನ್ನು ಕಾರಣವಾಗಿ ಹೇಳಿ ಇಂಥ ಚಿತ್ರಗಳನ್ನು ನಿಲ್ಲಿಸುವೆನೆಂದು ಸಾರಿ, ಒಂದು ವಾರವೂ ಕಳೆಯುವುದರೊಳಗೆ ಆ ಮಾತನ್ನು ಹಿಂತೆಗೆದುಕೊಂಡಿತು. 2025ರ ಜುಲೈಯಲ್ಲಿ ಇಂಥದೇ ಒತ್ತಾಯದಿಂದ ಗಣಕಯಂತ್ರದ ಆಟಗಳನ್ನು ಮಾರುವ ಎರಡು ಅಂಗಡಿಗಳು ಅನೇಕ ಆಟಗಳನ್ನು ತೆಗೆದುಹಾಕಿದವು. ದೋಷವಿಲ್ಲದವೂ ಅದರಲ್ಲಿ ಸಿಕ್ಕಿಕೊಂಡುವೆಂದು ಕರ್ತೃಗಳು ದೂರಿದರು. ಕಾವಲುಗಾರನು ತಾನೇ ಕಾನೂನಾದರೆ ಹೀಗಾಗದೆ ಇರದು.

ಇನ್ನು ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಮಾಹಿತಿ ತಂತ್ರಜ್ಞಾನದ ಶಾಸನದ 67, 67ಎ ಮತ್ತು 67ಬಿ ವಿಧಿಗಳು ಅಶ್ಲೀಲವನ್ನು ಪ್ರಕಟಿಸುವವರನ್ನೂ, ಮಕ್ಕಳ ಚಿತ್ರಗಳನ್ನು ಹುಡುಕಿ ಸಂಗ್ರಹಿಸುವವರನ್ನೂ ದಂಡಿಸುತ್ತವೆ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವು, ಅಂಥ ಚಿತ್ರವನ್ನು ನೋಡಿದ ಮಾತ್ರಕ್ಕೆ 67ಬಿ ವಿಧಿಯಂತೆ ಅಪರಾಧವಾಗದೆಂದು ಒಮ್ಮೆ ಹೇಳಿ, ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ತಾನೇ ಹಿಂತೆಗೆದುಕೊಂಡಿತು; ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು ಈ ವಿಷಯದ ಸಂಶಯವನ್ನು ಕಠಿನವಾಗಿಯೇ ಪರಿಹರಿಸಿತು. ಹೀಗೆ ನೋಡಿದವನ ಹೊಣೆ, ಪ್ರಕಟಿಸಿದವನ ಹೊಣೆ ಗೊತ್ತಾಗಿವೆ. ಹಣವನ್ನು ಸಾಗಿಸಿಕೊಟ್ಟವನನ್ನು ಹೆಸರಿಸಿ ಹೇಳಿದ ಮಾತು ಮಾತ್ರ ಈ ವಿಧಿಗಳಲ್ಲಿ ಇಲ್ಲ. ಸರಕಾರದವರು ಹಿಡಿದ ಮಾರ್ಗವೆಂದರೆ ಬಾಗಿಲು ಮುಚ್ಚುವುದು. 2015ರಲ್ಲಿ 857 ವೆಬ್‌ಸೈಟುಗಳನ್ನು ಮುಚ್ಚಿಸಿ, ಕೂಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಸಡಿಲಿಸಿದರು; 2024ರ ಮಾರ್ಚಿನಲ್ಲಿ 18, 2025ರ ಜುಲೈಯಲ್ಲಿ 25 ಚಿತ್ರಪ್ರಸಾರ ಸಂಸ್ಥೆಗಳನ್ನು ತಡೆದರು. ಇವುಗಳಲ್ಲಿ ಹಲವು ಚಂದಾ ಹಣದಿಂದ ನಡೆಯುತ್ತಿದ್ದವು. ಒಂದು ಹೆಸರನ್ನು ಮುಚ್ಚಿದರೆ ಇನ್ನೊಂದು ಹೆಸರಿನಲ್ಲಿ ಬಾಗಿಲು ತೆರೆಯುವುದು ಕಷ್ಟವಲ್ಲ. ಹಣವನ್ನು ಬರಮಾಡಿಕೊಳ್ಳುವ ಲೆಕ್ಕವನ್ನು ಬ್ಯಾಂಕಿನಲ್ಲಿ ಹೊಸದಾಗಿ ತೆರೆಯುವುದು ಅಷ್ಟು ಸುಲಭವಾಗಕೂಡದು.

ಹಣದ ಈ ಬಾಗಿಲು ಬೆಂಗಳೂರಿಗೆ ದೂರದ್ದಲ್ಲ. ವರ್ತಕರಿಗಾಗಿ ಹಣ ಸ್ವೀಕರಿಸಿ ಸಲ್ಲಿಸುವ ಪಾವತಿ ಕಂಪನಿಗಳಲ್ಲಿ ದೊಡ್ಡವು ಕೆಲವು ಇಲ್ಲಿಯವೇ. 2022ರ ಸೆಪ್ಟೆಂಬರಿನಲ್ಲಿ ಜಾರಿ ನಿರ್ದೇಶನಾಲಯದವರು ರೇಜರ್‌ಪೇ, ಪೇಟಿಎಂ, ಕ್ಯಾಶ್‌ಫ್ರೀ ಕಂಪನಿಗಳಿಗೆ ಸೇರಿದ ಸ್ಥಳಗಳೂ ಒಳಗೊಂಡಂತೆ ನಗರದ ಆರು ಕಡೆ ಶೋಧಿಸಿ, ಚೀನೀಯರ ಹಿಡಿತದಲ್ಲಿದ್ದ ಸಾಲದ ಆ್ಯಪುಗಳವರ ಲೆಕ್ಕಗಳಲ್ಲಿದ್ದ 17 ಕೋಟಿ ರೂಪಾಯಿಗಳನ್ನು ಜಪ್ತಿ ಮಾಡಿದರು. ಆ ಹಣವು ಪಾವತಿ ಕಂಪನಿಗಳದಲ್ಲ, ಅವುಗಳ ಮೂಲಕ ವ್ಯವಹರಿಸಿದವರದು. ಇಂಥ ಸಾಲಗಾರರ ಚಿತ್ರವನ್ನು ಬೆತ್ತಲೆ ದೇಹಕ್ಕೆ ಅಂಟಿಸಿ ಬಂಧುಬಳಗಕ್ಕೆ ಕಳುಹಿಸುವೆವೆಂದು ಹೆದರಿಸುವುದು ಈ ವಸೂಲಿಯವರ ಕ್ರಮವಾಗಿದ್ದಿತೆಂಬುದು ವಾಚಕರಿಗೆ ತಿಳಿದ ಸಂಗತಿ. 2020ರ ಮಾರ್ಚ್ 17ರ ನಿಯಮಗಳಲ್ಲಿಯೇ ರಿಜರ್ವ್ ಬ್ಯಾಂಕಿನವರು, ವರ್ತಕನ ಪೂರ್ವಾಪರವನ್ನು ವಿಚಾರಿಸದೆ ಆತನನ್ನು ಸೇರಿಸಿಕೊಳ್ಳಕೂಡದೆಂದು ವಿಧಿಸಿದ್ದರು. ವಿಚಾರಣೆಯು ಕಾಗದದಲ್ಲಿ ನಡೆದಿತ್ತೇ, ನಿಜವಾಗಿ ನಡೆದಿತ್ತೇ ಎಂಬುದು ಕೇಳತಕ್ಕ ಪ್ರಶ್ನೆ.

ಉತ್ತರದೇಶದ ಒಂದು ಸಂಗತಿಯು ಇದಕ್ಕಿಂತಲೂ ಬೋಧಪ್ರದವಾಗಿದೆ. 2025ರ ಮಾರ್ಚಿನಲ್ಲಿ ನೋಯ್ಡಾದ ಒಂದು ಸಂಸ್ಥೆಯ ಮೇಲೆ ಅದೇ ನಿರ್ದೇಶನಾಲಯದವರು ಹೊರಿಸಿದ ಆರೋಪವಿದು: ಸೈಪ್ರಸ್ ದ್ವೀಪದ ಕಂಪನಿಯೊಂದರಿಂದ 15 ಕೋಟಿ ರೂಪಾಯಿಗಳಿಗೂ ಮಿಕ್ಕ ಹಣವು ಅಶ್ಲೀಲ ಪ್ರದರ್ಶನಕ್ಕಾಗಿ ಬಂದಿತು, ಬ್ಯಾಂಕಿಗೆ ಮಾತ್ರ ಅದನ್ನು ಜಾಹೀರಾತು, ಮಾರುಕಟ್ಟೆಯ ಸಮೀಕ್ಷೆ ಎಂದು ಬರೆದುಕೊಡಲಾಯಿತು, ಬಂದುದರಲ್ಲಿ ಮುಕ್ಕಾಲು ಪಾಲು ನಡೆಸುವವರಿಗೆ, ಕಾಲು ಪಾಲು ದೇಹವನ್ನು ತೋರಿದ ಹೆಂಗಸರಿಗೆ. ಆರೋಪವು ಸಿದ್ಧವಾಗಬೇಕಾದದ್ದು ನ್ಯಾಯಾಲಯದಲ್ಲಿ. ಆದರೆ ಒಂದು ಸುಳ್ಳು ಪದದಿಂದ ಕೋಟಿಗಟ್ಟಲೆ ಹಣವು ದಾಟಬಲ್ಲುದೆಂಬ ಸಾಧ್ಯತೆಯೇ ಚಿಂತಾಜನಕವಾದುದು.

ಇದಕ್ಕೆ ಎದುರಾಗಿ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಚಹ, ಬೀಡಿ, ಬಾಳೆಹಣ್ಣು ಮಾರುವ ಅಂಗಡಿಯವನ ಸ್ಥಿತಿಯನ್ನು ನೋಡಿರಿ. ಕ್ಯೂಆರ್ ಚೀಟಿಯನ್ನು ಅಂಟಿಸಬೇಕಾದರೆ ಆತನು ತನ್ನ ಗುರುತನ್ನೂ ಬ್ಯಾಂಕು ಲೆಕ್ಕವನ್ನೂ ಒಪ್ಪಿಸಬೇಕು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಮೂಲಕ ಬಂದ ಹಣವನ್ನು ಕೂಡಿಸಿ ಲೆಕ್ಕಹಾಕಿ ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿದಾಗ, ಎಷ್ಟೋ ಅಂಗಡಿಯವರು ಬೆದರಿ ಆ ಚೀಟಿಯನ್ನೇ ಕಿತ್ತುಹಾಕಿದರು. ಕಡೆಗೆ ಮುಖ್ಯಮಂತ್ರಿಗಳೇ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸಮಾಧಾನ ಹೇಳಬೇಕಾಯಿತು. ಅರ್ಧ ಲೋಟ ಚಹದ ಲೆಕ್ಕವನ್ನು ನಾಲ್ಕು ವರ್ಷಗಳ ಹಿಂದಿನವರೆಗೆ ಎಣಿಸಬಲ್ಲ ಆಡಳಿತವು, ಹೆಣ್ಣುಮಗಳೊಬ್ಬಳ ಮಾನವನ್ನು ಮಾರಿ ಬಂದ ಹಣವನ್ನು ಕಾಣಲಾರೆನೆಂದರೆ ನಂಬುವವರು ಯಾರು? ಕಣ್ಣಿಲ್ಲದೆ ಇಲ್ಲ; ಕಣ್ಣು ಹಾಯಿಸಬೇಕೆಂಬ ಸಂಕಲ್ಪವಿಲ್ಲ.

ಆದುದರಿಂದ ಮೂರು ಸಲಹೆಗಳನ್ನು ಅಧಿಕಾರಿವರ್ಗದ ಮುಂದಿಡುತ್ತೇವೆ. ಒಂದನೆಯದು, ಹಣದ ಮೋಸಕ್ಕೆ ಒಳಗಾದವನು 1930 ಎಂಬ ಸಂಖ್ಯೆಗೆ ತಿಳಿಸಿದರೆ ಬ್ಯಾಂಕುಗಳು ಹಣವನ್ನು ತಡೆಹಿಡಿಯುವ ವ್ಯವಸ್ಥೆಯಿದೆ. ತನ್ನ ಚಿತ್ರವನ್ನು ಒಪ್ಪಿಗೆಯಿಲ್ಲದೆ ಮಾರುತ್ತಿರುವರೆಂದು ಹೆಂಗಸೊಬ್ಬಳು ದೂರಿದಾಗಲೂ ಆ ವರ್ತಕನಿಗೆ ಸಲ್ಲಬೇಕಾದ ಹಣವು ಅಷ್ಟೇ ಬೇಗ ನಿಲ್ಲಬೇಕು. ಹಣಕ್ಕಿರುವ ರಕ್ಷಣೆ ಮಾನಕ್ಕೆ ಇಲ್ಲದಿರುವುದು ನಾಚಿಕೆಗೇಡು. ಎರಡನೆಯದು, ಯಾವ ವರ್ತಕನ ಮಾರ್ಗವನ್ನು ನಿಲ್ಲಿಸಿದರೂ ಕಾರಣವನ್ನು ಬರೆದುಕೊಡಬೇಕು, ಮೇಲ್ಮನವಿಗೆ ಅವಕಾಶವಿರಬೇಕು. ಇಲ್ಲವಾದರೆ ಸ್ತ್ರೀಯರ ಆರೋಗ್ಯದ ಪುಸ್ತಕ ಮಾರುವವನೂ, ಶಿಲ್ಪದ ಚಿತ್ರ ಮಾರುವವನೂ ಅದೇ ಬಲೆಗೆ ಬೀಳುವರು. ಮೂರನೆಯದು, ಕಾಲು ಪಾಲಿನ ಕೂಲಿಗೆ ಬಂದ ಹೆಂಗಸರನ್ನು ಅಪರಾಧಿಗಳೆಂದು ಕಾಣದೆ ಸಾಕ್ಷಿಗಳೆಂದು ಕಾಣತಕ್ಕದ್ದು. ಅವರು ಪೋಲೀಸರಿಗೆ ಹೆದರುವವರೆಗೆ ನಡೆಸುವವನು ನಿರ್ಭಯನಾಗಿರುವನು.

ಕಾರ್ಡುಗಳ ಹಾದಿಯು ಪರದೇಶದವರದೆಂಬ ನೆಪ ಒಂದು ಕಾಲಕ್ಕೆ ಸಲ್ಲುತ್ತಿತ್ತು. 2012ರಲ್ಲಿ ರುಪೇ ಕಾರ್ಡನ್ನೂ 2016ರಲ್ಲಿ ಯುಪಿಐಯನ್ನೂ ನಾವೇ ಕಟ್ಟಿಕೊಂಡೆವು. ಲೋಕವೇ ಮೆಚ್ಚಿತೆಂದು ಹೆಮ್ಮೆಪಟ್ಟೆವು. ಹಾದಿಯು ನಮ್ಮದಾದ ಮೇಲೆ ಅದರಲ್ಲಿ ಸಾಗುವ ಸರಕಿನ ಹೊಣೆಯೂ ನಮ್ಮದೇ. ನ್ಯೂಯಾರ್ಕಿನ ಒಂದು ಪತ್ರಿಕೆ ಬರೆಯುವವರೆಗೆ, ಅಮೆರಿಕೆಯ ಎರಡು ಕಂಪನಿಗಳು ಮನಸ್ಸು ಮಾಡುವವರೆಗೆ ನಮ್ಮ ಹೆಣ್ಣುಮಕ್ಕಳ ಮಾನವು ಕಾದಿರಬೇಕೆ? ರಿಜರ್ವ್ ಬ್ಯಾಂಕಿನವರೂ ಸರಕಾರದವರೂ ಇದಕ್ಕೆ ಉತ್ತರ ಹೇಳಬೇಕಾಗಿದೆ.