ಹೆಸರು ಬದಲಿಸುವ ಕಳ್ಳನಿಗೆ ಕಾವಲು

ಸರ್ವರ್ ಎಂಬ ಗಣಕಯಂತ್ರವು ಹಗಲಿರುಳೂ ದುಡಿಯುತ್ತಿರುತ್ತದೆ. ಅದರ ಕಾವಲಿಗೆ ಒಂದು ತಂತ್ರಾಂಶವನ್ನು ನಿಲ್ಲಿಸಿ, ಬೇಡದ ಫೋಲ್ಡರೊಂದು ಅಲ್ಲಿ ಹುಟ್ಟಿಕೊಂಡರೆ ಒಡನೆಯೇ ಎಚ್ಚರಿಸುವಂತೆ ಏರ್ಪಡಿಸುವುದುಂಟು. ಫೋಲ್ಡರಿನ ಹೆಸರು ಮೊದಲೇ ತಿಳಿದಿದ್ದರೆ ಇದು ಸುಲಭವಾದ ಕೆಲಸ. ಹೆಸರು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತಿದ್ದರೆ ಮಾಡತಕ್ಕದ್ದೇನು?

2017ನೆಯ ಇಸವಿ ಮೇ 12ರಂದು ಲೋಕವನ್ನೆಲ್ಲ ವ್ಯಾಪಿಸಿದ ವಾನಾಕ್ರೈ ಪಿಡುಗನ್ನು ನೋಡೋಣ. ಕಡತಗಳನ್ನು ಗುಪ್ತಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುವ ಈ ದುಷ್ಟ ತಂತ್ರಾಂಶವು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗದ ಕೆಲಸವನ್ನು ಕೆಡಿಸಿತು. ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಕೆಲವು ಕಡೆ ಆಂಬುಲೆನ್ಸುಗಳನ್ನು ಬೇರೆ ಆಸ್ಪತ್ರೆಗಳಿಗೆ ಕಳುಹಿಸಬೇಕಾಯಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಯಂತ್ರವನ್ನು ಹೊಕ್ಕ ಈ ಕಳ್ಳನೂ ಸಾಮಾನ್ಯವಾಗಿ ವಿಂಡೋಸಿನ 'ಪ್ರೋಗ್ರಾಂಡೇಟಾ' ಫೋಲ್ಡರಿನಲ್ಲಿ ಒಂದು ಮರೆಯ ಫೋಲ್ಡರನ್ನು ಮಾಡಿಕೊಳ್ಳುತ್ತಿದ್ದನು. ಅದರ ಹೆಸರನ್ನು ಆಯಾ ಯಂತ್ರದ ಹೆಸರಿನಿಂದಲೇ ಲೆಕ್ಕಹಾಕಿ ಹುಟ್ಟಿಸುತ್ತಿದ್ದುದರಿಂದ, ಒಂದು ಯಂತ್ರದಲ್ಲಿ ಕಂಡ ಹೆಸರು ಪಕ್ಕದ ಯಂತ್ರದಲ್ಲಿ ಕಾಣುತ್ತಿರಲಿಲ್ಲ. ಆದರೆ ಹೆಸರಿನ ಆಕಾರ ಮಾತ್ರ ಎಲ್ಲೆಡೆಯೂ ಒಂದೇ: 8ರಿಂದ 15 ಸಣ್ಣ ರೋಮನ್ ಅಕ್ಷರಗಳು, ಅವುಗಳ ಹಿಂದೆಯೇ ಮೂರು ಅಂಕಿಗಳು.

ಇಂಥ ಆಕಾರವನ್ನು ಯಂತ್ರಕ್ಕೆ ತಿಳಿಸುವ ಭಾಷೆ ನಮ್ಮಲ್ಲಿದೆ. ಅದೇ ರೆಗ್ಯುಲರ್ ಎಕ್ಸ್‌ಪ್ರೆಷನ್. ಗಣಿತಜ್ಞ ಸ್ಟೀಫನ್ ಕ್ಲೇನಿಯವರು 1956ರಲ್ಲಿ ಪ್ರಕಟಿಸಿದ ಶುದ್ಧ ತರ್ಕದ ಈ ಕಲ್ಪನೆಯನ್ನು, ಕೆನ್ ಥಾಂಪ್ಸನ್ನರು 1968ರಲ್ಲಿ ಬರಹದೊಳಗೆ ಪದ ಹುಡುಕುವ ಸಾಧನವಾಗಿ ಮಾರ್ಪಡಿಸಿದರು. ನಕ್ಷತ್ರ ಚಿಹ್ನೆಯನ್ನಿಟ್ಟು 'ಏನಿದ್ದರೂ ಸರಿ' ಎನ್ನುವ ಒರಟು ವಿಧಾನಕ್ಕಿಂತ ಇದು ಎಷ್ಟೋ ಸೂಕ್ಷ್ಮವಾದುದು.

ಇಷ್ಟಕ್ಕೇ ತೃಪ್ತರಾಗುವವರಲ್ಲಿ ನಮಗೆ ಸಮ್ಮತಿಯಿಲ್ಲ. ಅಧ್ಯಾಪಕರೊಬ್ಬರು ಸಂಖ್ಯಾಶಾಸ್ತ್ರದ ಪಾಠಗಳಿಗೆಂದು 'ಸ್ಟ್ಯಾಟಿಸ್ಟಿಕ್ಸ್101' ಎಂಬ ಫೋಲ್ಡರನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟರೆಂದು ಭಾವಿಸಿರಿ. ಹತ್ತು ಅಕ್ಷರ, ಮೂರು ಅಂಕಿ! ಪಾಪ, ಪಾಠದ ಟಿಪ್ಪಣಿಯೂ ಕಳ್ಳನ ಸಾಲಿಗೆ ಸೇರುತ್ತದೆ. ಆದುದರಿಂದ ಆಕಾರದ ಜೊತೆಗೆ ಸ್ಥಳವನ್ನೂ ನೋಡಬೇಕು. ಪ್ರೋಗ್ರಾಂಡೇಟಾದಂಥ ಸ್ಥಳದಲ್ಲಿ ಸರ್ವರೊಂದಕ್ಕೆ ಬೇಕಾದ ಫೋಲ್ಡರುಗಳು ಬೆರಳೆಣಿಕೆಯಷ್ಟೋ ಕೆಲವು ಡಜನುಗಳಷ್ಟೋ ಇರುತ್ತವೆ. ಬೇಡದವುಗಳ ಪಟ್ಟಿಯನ್ನು ಬೆಳೆಸುತ್ತ ಹೋಗುವುದಕ್ಕಿಂತ, ಇರತಕ್ಕವುಗಳ ಪಟ್ಟಿಯನ್ನು ಮಾಡಿಟ್ಟು ಅದರ ಹೊರಗಿನ ಯಾವುದಕ್ಕಾದರೂ ಎಚ್ಚರಿಸೆಂದು ಹೇಳುವುದೇ ಲೇಸೆಂದು ನಾವು ವಾದಿಸುತ್ತೇವೆ. ನಾಳೆಯ ಕಳ್ಳನು ಅಂಕಿಗಳನ್ನು ಮುಂದಕ್ಕೆ ತಂದು ಅಕ್ಷರಗಳನ್ನು ಹಿಂದಕ್ಕೆ ಹಾಕಿದರೂ ಈ ಕಾವಲು ಕೆಡುವುದಿಲ್ಲ. ಹೊಸ ತಂತ್ರಾಂಶವನ್ನು ಸ್ಥಾಪಿಸಿದಾಗಲೆಲ್ಲ ಪಟ್ಟಿಯನ್ನು ತಿದ್ದಬೇಕೆಂಬ ಆಕ್ಷೇಪಣೆಯುಂಟು, ಅದು ನಿಜ. ಆದರೆ ತನ್ನ ಯಂತ್ರದಲ್ಲಿ ಏನಿದೆಯೆಂದು ಅರಿಯದವನು ಅಲ್ಲಿ ಏನು ಇರಬಾರದೆಂಬುದನ್ನು ಹೇಗೆ ತಾನೆ ಅರಿತಾನು?

ಕೂಗು ಮಿತವಾಗಿರಬೇಕು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ಅಪಘಾತವಾದಾಗ, ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಮೊಳಗಿ, ಯಾವುದು ಮುಖ್ಯವೆಂದು ನಡೆಸುವವರಿಗೆ ತಿಳಿಯದಾಯಿತು. ಒಂದು ಫೋಲ್ಡರಿಗೆ ಒಂದೇ ಸಂದೇಶ ಸಾಕು. ನಿಮಿಷಕ್ಕೊಮ್ಮೆ ಅದನ್ನೇ ಕಳುಹಿಸಿದರೆ ಓದುವವನು ಕಿವುಡನಾಗುತ್ತಾನೆ. ತಡವೂ ಕೂಡದು. ಗಂಟೆಗೊಮ್ಮೆ ಹಣಕಿ ನೋಡುವ ಕಾವಲುಗಾರನು ಕಡತಗಳೆಲ್ಲ ಹಾಳಾದ ಮೇಲೆ ಬಂದಾನು. ಫೋಲ್ಡರು ಹುಟ್ಟಿದ ಕ್ಷಣದಲ್ಲಿಯೇ ಸುದ್ದಿ ಕೊಡುವ ಸೌಕರ್ಯ ವಿಂಡೋಸಿನಲ್ಲಿಯೂ ಇದೆ, 2005ರಿಂದ ಲಿನಕ್ಸಿನಲ್ಲಿ ಐನೋಟಿಫೈ ಎಂಬ ಹೆಸರಿನಿಂದಲೂ ಇದೆ.

ವಾನಾಕ್ರೈ ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಕಂಪನಿಯು 2017ರ ಮಾರ್ಚಿಯಲ್ಲಿಯೇ ತೇಪೆಯನ್ನು ಹೊರತಂದಿದ್ದಿತೆಂಬುದನ್ನು ಇಲ್ಲಿ ಮರೆಮಾಡಲಾಗದು. ಅದನ್ನು ಹಾಕಿಕೊಂಡವರಿಗೆ ಈ ಕೂಗಿನ ಅಗತ್ಯವೇ ಬೀಳಲಿಲ್ಲ. ಹಾಕಿಕೊಳ್ಳದವರ ವಿಷಯದಲ್ಲಿ ಮತ್ತೊಂದು ಮಾತು: ಎಚ್ಚರಿಕೆಯ ದಾಖಲೆಯನ್ನು ಕಾಯಲ್ಪಡುವ ಯಂತ್ರದಲ್ಲಿಯೇ ಇಡಬಾರದು. ಉಳಿದ ಕಡತಗಳೊಡನೆ ಅದಕ್ಕೂ ಬೀಗ ಬಿದ್ದೀತು.