ಲಾ ಮೊದಲ ವರ್ಷ: ಎಲ್ಲವನ್ನೂ ಓದಿ ಮುಗಿಸಲು ಹೋಗಬೇಡಿ

ನಿಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಯಾರಾದರೂ ಈ ವರ್ಷ ಲಾ ಸೇರಿದ್ದರೆ, ಈ ಬರಹ ಅವರಿಗೂ ಹೌದು, ಅವರ ಮನೆಯವರಿಗೂ ಹೌದು.

ಮೊದಲ ತಿಂಗಳು ಹುರುಪಿನಿಂದ ಕಾಲೇಜಿಗೆ ಹೋಗಿ ಬರುತ್ತಾರೆ. ಎರಡನೇ ತಿಂಗಳಿಗೆ ಮಾತು ಕಡಿಮೆಯಾಗುತ್ತದೆ. ಇಂಟರ್ನಲ್ ಪರೀಕ್ಷೆ ಹತ್ತಿರ ಬಂದಾಗ 'ಇದು ನನ್ನ ಕೈಲಿ ಆಗಲ್ಲ' ಅನ್ನುತ್ತಾರೆ. ಸಂವಿಧಾನ, ಒಪ್ಪಂದ ಕಾನೂನು, ಟಾರ್ಟ್, ಅಪರಾಧ ಕಾನೂನು ಹೀಗೆ ಒಂದೊಂದು ವಿಷಯಕ್ಕೂ ಒಂದೊಂದು ದಪ್ಪ ಪುಸ್ತಕ. ಸಾಲದ್ದಕ್ಕೆ ವಾಟ್ಸ್‌ಆ್ಯಪ್ ಗುಂಪಿಗೆ ಸೀನಿಯರ್‌ಗಳು ಹಾಕುವ ಪಿಡಿಎಫ್ ರಾಶಿ. ಕೋರ್ಟ್ ಸುದ್ದಿಗೆ ಓಡಾಡುವಾಗ ಬಸ್ಸಿನಲ್ಲಿ ಇಂಥ ಮಕ್ಕಳು ನನಗೆ ಸಿಗುತ್ತಲೇ ಇರುತ್ತಾರೆ. ಅವರ ದೂರು ಒಂದೇ: 'ಎಷ್ಟು ಓದಿದರೂ ಮುಗಿಯಲ್ಲ ಸರ್.'

ಮುಗಿಯುವುದೂ ಇಲ್ಲ. ಕೋಟು ಹಾಕಿ ಮೂವತ್ತು ವರ್ಷವಾದ ವಕೀಲರಿಗೂ ಮುಗಿದಿಲ್ಲ. ಪಿಯುಸಿ, ಡಿಗ್ರಿಯಲ್ಲಿ ನಾವು ಪಾಠ ಬಾಯಿಪಾಠ ಮಾಡಿ ಪಾಸಾದವರು. ಅದೇ ಅಭ್ಯಾಸವನ್ನು ಲಾ ಪುಸ್ತಕದ ಮೇಲೆ ಹೂಡುವುದರಿಂದಲೇ ಅರ್ಧ ಭಾರ ಹೆಗಲಿಗೆ ಬರುತ್ತದೆ ಎಂಬುದು ನನ್ನ ಅನಿಸಿಕೆ. ಲಾ ಮುಗಿಸಿದವರು ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯನ್ನೇ ನೋಡಿ. ಅಲ್ಲಿ ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಳಗೆ ಒಯ್ಯಲು ಬಿಡುತ್ತಾರೆ. ಸೆಕ್ಷನ್ ನೆನಪಿದೆಯೇ ಅನ್ನುವುದಕ್ಕಿಂತ ಅದು ಎಲ್ಲಿದೆ, ಹೇಗೆ ಬಳಸುವುದು ಅನ್ನುವುದು ಗೊತ್ತಿರಬೇಕು ಎಂದು ಇದರರ್ಥ.

ಹಾಗಾದರೆ ಓದುವುದು ಹೇಗೆ? ಮೊದಲು ಬೇರ್ ಆಕ್ಟ್, ಆಮೇಲೆ ಪುಸ್ತಕ. ಒಪ್ಪಂದ ಕಾಯ್ದೆ 1872ರದ್ದು. ಅದರ ಸಾಮಾನ್ಯ ತತ್ವಗಳೆಲ್ಲ ಮೊದಲ 75 ಸೆಕ್ಷನ್‌ಗಳಲ್ಲಿವೆ. ತರಗತಿಗೆ ಹೋಗುವ ಮುಂಚೆ ಅವತ್ತಿನ ಎರಡು ಮೂರು ಸೆಕ್ಷನ್ ಓದಿಕೊಂಡು ಹೋದರೆ ಸಾಕು. ಇದಕ್ಕೆ ದುಡ್ಡೂ ಬೇಡ. ಕೇಂದ್ರ ಸರ್ಕಾರದ 'ಇಂಡಿಯಾ ಕೋಡ್' ಜಾಲತಾಣದಲ್ಲಿ ಕಾಯ್ದೆಗಳು ಉಚಿತವಾಗಿ ಸಿಗುತ್ತವೆ.

ಎರಡನೆಯದು, ಪ್ರತಿ ಸೆಕ್ಷನ್ನಿಗೂ ನಿಮ್ಮ ಊರಿನ ಒಂದು ಜಗಳ ಜೋಡಿಸಿ. ವ್ಯಾಪಾರಿ ಹೊಲಕ್ಕೇ ಬಂದು ಈರುಳ್ಳಿ ನೋಡಿ, ದರ ಮಾತಾಡಿ, ಅಡ್ವಾನ್ಸ್ ಕೊಟ್ಟು ಹೋದ. ಮಾರುಕಟ್ಟೆಯಲ್ಲಿ ರೇಟು ಬಿತ್ತು, ಅವನ ಫೋನ್ ಸ್ವಿಚ್ ಆಫ್. ಒಪ್ಪಂದ ಆಯಿತೋ ಇಲ್ಲವೋ ಅಂದರೆ ಸೆಕ್ಷನ್ 10. ರೈತನಿಗೆ ನಷ್ಟ ತುಂಬಿಕೊಡಬೇಕೋ ಅಂದರೆ ಸೆಕ್ಷನ್ 73. ಟಾರ್ಟ್‌ನಲ್ಲಿ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಎಂಬ 1868ರ ಇಂಗ್ಲೆಂಡಿನ ಕೇಸು ಬರುತ್ತದೆ. ಹೆಸರು ಕೇಳಿಯೇ ಹೆದರುತ್ತಾರೆ. ವಿಷಯ ಇಷ್ಟೇ: ಒಬ್ಬ ತನ್ನ ಮಿಲ್ಲಿಗೆಂದು ಕಟ್ಟಿಸಿದ ಕೆರೆಯ ನೀರು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತು, ನಷ್ಟಕ್ಕೆ ಯಾರು ಹೊಣೆ? ಮೇಲಿನ ಹೊಲದ ಕೃಷಿ ಹೊಂಡ ಒಡೆದು ಕೆಳಗಿನ ಹೊಲದ ಬೆಳೆ ಕೊಚ್ಚಿಹೋದದ್ದನ್ನು ಕಂಡ ಹುಡುಗಿಗೆ ಈ ಪ್ರಶ್ನೆ ಹೊಸದೇ? ಈ ವಿಷಯದಲ್ಲಿ ಹಳ್ಳಿ ಮಕ್ಕಳು ಪೇಟೆಯವರಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದಾರೆ.

ಮೂರನೆಯದು, ತೀರ್ಪನ್ನು ನಾಲ್ಕು ಸಾಲಿಗೆ ಇಳಿಸಿ. ನಡೆದದ್ದೇನು, ಕೋರ್ಟಿನ ಮುಂದಿದ್ದ ಪ್ರಶ್ನೆ ಏನು, ಏನು ತೀರ್ಮಾನಿಸಿತು, ಯಾಕೆ. ಕೇಶವಾನಂದ ಭಾರತಿ ತೀರ್ಪು 700ಕ್ಕೂ ಹೆಚ್ಚು ಪುಟ. ಮೊದಲ ವರ್ಷದವರು ಅದನ್ನು ಪೂರ್ತಿ ಓದಲು ಕೂತರೆ ಉಳಿದ ವಿಷಯಗಳು ಹಾಗೇ ಉಳಿಯುತ್ತವೆ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೇರಳದ ಭೂಸುಧಾರಣೆ ವಿರುದ್ಧ ಕೋರ್ಟಿಗೆ ಹೋದರು. ಸಂವಿಧಾನವನ್ನು ಸಂಸತ್ತು ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆ ಎದ್ದಿತು. 1973ರಲ್ಲಿ 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಲ್ಲಿ ಹೇಳಿತು: ತಿದ್ದಬಹುದು, ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಇಷ್ಟು ಗಟ್ಟಿಯಾದ ಮೇಲೆ ಮೇಷ್ಟ್ರು ಹೇಳಿದ ಭಾಗವನ್ನಷ್ಟೇ ಓದಿ.

ನಾಲ್ಕೈದು ಜನ ಸೇರಿ ಕೇಸುಗಳನ್ನು ಹಂಚಿಕೊಂಡರೆ ಕೆಲಸ ಇನ್ನೂ ಹಗುರ. ಆದರೆ ನೋಟ್ಸ್ ಬರೀ ಫೋಟೋ ಹೊಡೆದುಕೊಳ್ಳಬೇಡಿ. ಒಬ್ಬರಿಗೊಬ್ಬರು ಬಾಯಲ್ಲಿ ಹೇಳಿ. ಹೇಳಲು ಬಂದರೆ ಬರೆಯಲೂ ಬರುತ್ತದೆ.

ಅಪರಾಧ ಕಾನೂನಿನಲ್ಲಿ ಮಾತ್ರ ಈಗಿನವರಿಗೆ ನಿಜಕ್ಕೂ ಹೆಚ್ಚಿನ ಹೊರೆ ಬಿದ್ದಿದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 511 ಸೆಕ್ಷನ್‌ಗಳಿದ್ದ ಜಾಗದಲ್ಲಿ 358. ಕೊಲೆಯ ಶಿಕ್ಷೆಯ 302 ಈಗ 103 ಆಗಿದೆ. ಊರಲ್ಲಿ ಬೈಗುಳವೇ ಆಗಿಹೋಗಿರುವ 420 ಈಗ 318(4). ಆ ದಿನಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯಿಸುವುದರಿಂದ ಕೋರ್ಟಿನಲ್ಲಿ ಇನ್ನೂ ಹಲವು ವರ್ಷ ಎರಡೂ ನಡೆಯುತ್ತವೆ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು ಹಳೇ ನಂಬರ್, ಹೊಸ ನಂಬರ್ ಬರೆದು ಗೋಡೆಗೆ ಅಂಟಿಸಿ. ಸೀನಿಯರ್ ಕೊಟ್ಟ ಹಳೇ ಗೈಡ್ ಓದುವ ಮುಂಚೆ ಅದು ಯಾವ ವರ್ಷದ್ದು ನೋಡಿ.

ಇನ್ನು ಭಾಷೆ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಉತ್ತರ ಪತ್ರಿಕೆ ಪೂರ್ತಿ ಕನ್ನಡದಲ್ಲಿರಬೇಕು, ಇಲ್ಲವೇ ಪೂರ್ತಿ ಇಂಗ್ಲಿಷಿನಲ್ಲಿ. ಆದ್ದರಿಂದ ಯಾವುದರಲ್ಲಿ ಬರೆಯುತ್ತೀರಿ ಎಂದು ಮೊದಲ ತಿಂಗಳೇ ತೀರ್ಮಾನಿಸಿ. ಕನ್ನಡದಲ್ಲಿ ಬರೆಯುವುದು ನಾಚಿಕೆಯ ವಿಷಯವಲ್ಲ. ಹಾಗಂತ ಇಂಗ್ಲಿಷ್ ಪದಗಳನ್ನು ಬಿಟ್ಟರೂ ನಡೆಯುವುದಿಲ್ಲ, ಹೈಕೋರ್ಟಿನ ಕೆಲಸ ಇಂಗ್ಲಿಷಿನಲ್ಲೇ. ದಿನಕ್ಕೆ ಐದು ಪದ, ಅದರ ಪಕ್ಕ ಕನ್ನಡದ ಅರ್ಥ. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ನಿಮ್ಮದೇ ಒಂದು ನಿಘಂಟು ತಯಾರಾಗಿರುತ್ತದೆ.

'ಇಷ್ಟೆಲ್ಲ ಯಾಕೆ, ಐದು ವರ್ಷದ ಪ್ರಶ್ನೆಪತ್ರಿಕೆ ನೋಡಿಕೊಂಡರೆ ಪಾಸ್ ಗ್ಯಾರಂಟಿ' ಅನ್ನುವವರಿದ್ದಾರೆ. ಪಾಸಾಗಬಹುದು. ಆದರೆ ನಾಳೆ ಯಾರೋ ಒಬ್ಬ ರೈತ ಇರುವ ಎರಡು ಎಕರೆಯ ಕಾಗದ ತಂದು ನಿಮ್ಮ ಮೇಜಿನ ಮೇಲೆ ಇಡುತ್ತಾನೆ. ಅವನ ಪ್ರಶ್ನೆ ಹಳೇ ಪತ್ರಿಕೆಯಲ್ಲಿ ಬಂದಿರುವುದಿಲ್ಲ.

ಈಗ ಮನೆಯವರಿಗೆ ಒಂದು ಮಾತು. ಲಾ ಸೇರಿದ ವಾರಕ್ಕೇ 'ನೀನು ಲಾಯರ್ ಅಲ್ವಾ, ಈ ಪಹಣಿ ನೋಡು, ಆ ದಾಯಾದಿಗೆ ನೋಟಿಸ್ ಕೊಡು' ಎಂದು ಊರೆಲ್ಲ ಶುರು ಮಾಡುತ್ತದೆ. ದಯವಿಟ್ಟು ಬೇಡ. ಪದವಿ ಮುಗಿಸಿ, ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗುವವರೆಗೆ ಅವರು ವಿದ್ಯಾರ್ಥಿಗಳೇ. ಹೆಣ್ಣುಮಕ್ಕಳಿಗಂತೂ ಬಸ್ ಇಳಿದು ಬಂದ ಮೇಲೆ ಅಡುಗೆ ಕೆಲಸ ಕಾದಿರುತ್ತದೆ. ಸಂಜೆ ಎರಡು ಗಂಟೆ ಅವರನ್ನು ಅವರ ಪಾಡಿಗೆ ಬಿಟ್ಟರೆ, ಅದು ಫೀಸು ಕಟ್ಟಿದಷ್ಟೇ ದೊಡ್ಡ ಸಹಾಯ.

ಕಾಲೇಜುಗಳಿಗೂ ಹೇಳಲೇಬೇಕು. ಹೊರೆ ತಡೆಯುವ ಜವಾಬ್ದಾರಿಯನ್ನೆಲ್ಲ ಮಕ್ಕಳ ಮೇಲೆ ಹೊರಿಸುವುದು ನ್ಯಾಯವಲ್ಲ. ಸೇರಿದ ಮೊದಲ ಹದಿನೈದು ದಿನ ಸಿಲಬಸ್ ಬದಿಗಿಟ್ಟು, ಸೆಕ್ಷನ್ ಓದುವುದು ಹೇಗೆ, ತೀರ್ಪು ಓದುವುದು ಹೇಗೆ, ಸಮಸ್ಯೆ ಕೊಟ್ಟ ಪ್ರಶ್ನೆಗೆ ಉತ್ತರ ಬರೆಯುವುದು ಹೇಗೆ ಎಂದು ಕನ್ನಡದಲ್ಲೇ ಹೇಳಿಕೊಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಮನಸ್ಸು ಬೇಕು.

ಇಷ್ಟಾದರೂ ನಿದ್ದೆ ಬಾರದೆ, ಊಟ ಸೇರದೆ, ಎಲ್ಲ ಬಿಟ್ಟುಬಿಡೋಣ ಅನ್ನಿಸುವಷ್ಟು ಭಾರವಾದರೆ ಒಳಗೇ ಇಟ್ಟುಕೊಳ್ಳಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಂದು ವಿಷಯ ಬ್ಯಾಕ್ ಉಳಿದರೆ ಮತ್ತೆ ಬರೆಯಬಹುದು.

ಇದನ್ನು ಓದುತ್ತಿರುವ ವಕೀಲರೇ, ಲಾ ಕೊನೇ ವರ್ಷದವರೇ, ನಿಮ್ಮೂರಿನ ಮೊದಲ ವರ್ಷದ ಹುಡುಗನಿಗೆ ಪಿಡಿಎಫ್ ಕಳಿಸುವ ಬದಲು ಭಾನುವಾರ ಅರ್ಧ ಗಂಟೆ ಕೊಡಿ. ಒಂದು ತೀರ್ಪನ್ನು ಜೊತೆಗೆ ಕೂತು ಓದಿ ತೋರಿಸಿ. ಎರಡನೆಯದನ್ನು ಅವನೇ ಓದಿಕೊಳ್ಳುತ್ತಾನೆ.